ಹಸಿರು ಬಳಿದ ಕೇರಿ

"ಏಯ್ ಬೋಳಿಮಗನೆ, ನೆರಳು ಬೀಳ್ತಾ ಐತೆ, ಸರಿಯೋ ಅತ್ಲಾಗೆ!"

ತಮ್ಮಯ್ಯ ಎರಡು ಹೆಜ್ಜೆ ಹಿಂದಕ್ಕೆ ಹಾರಿದ. ಅರವತ್ತು ವರ್ಷ ಈ ಮಾತು ಕೇಳಿದ ಮೈ ಅದು. ಕಿವಿಗಿಂತ ಮೊದಲು ಕಾಲಿಗೇ ಕೇಳಿಸುತ್ತಿತ್ತು. ಆದರೆ ಈ ಸಲ ಅವನ ನೆರಳು ಬಿದ್ದದ್ದು ಗದರಿದ ನಂಜುಂಡಯ್ಯನವರ ಮೈಮೇಲೂ ಅಲ್ಲ, ಅವರ ಊಟದ ಎಲೆಯ ಮೇಲೂ ಅಲ್ಲ. ಜೀಪಿನ ಬಾನೆಟ್ಟಿನ ಮೇಲೆ ಹಾಸಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೆ ಕಲ್ಲು ಹೇರಿದ್ದ ಒಂದು ಕಾಗದದ ಮೇಲೆ.

ಅದು ಬಡಾವಣೆಯ ನಕ್ಷೆ. ಬೇಲೂರಿನಿಂದ ಹಳೇಬೀಡಿನ ರಸ್ತೆಯಲ್ಲಿ ಒಂದು ಮೈಲಿ ಬಂದರೆ ಬಲಗಡೆಗೆ ನಂಜುಂಡಯ್ಯನವರ ರಾಗಿ ಹೊಲ. ಅವರ ತಾತ ಪಟೇಲರಾಗಿದ್ದವರು. ಪಟೇಲಿಕೆ ಹೋಗಿ ಎಷ್ಟೋ ವರ್ಷವಾಗಿದ್ದರೂ ಹೊಲದ ಮಗ್ಗುಲಿನ ತಮ್ಮಯ್ಯನ ಕೇರಿಯವರಿಗೆ ಇವರೂ ಪಟೇಲರೇ. ಉಳುವವನಿಗೇ ಹೊಲ ಎಂಬ ಕಾನೂನು ಬಂದ ಮೇಲೆ ಹೊಲ ಇಟ್ಟುಕೊಳ್ಳುವುದೆಂದರೆ ಮನೆಯೊಳಗೆ ಹಾವು ಸಾಕಿದ ಹಾಗೆ ಎಂದು ಅವರಿಗೆ ಅನಿಸಿತ್ತು. ಆದ್ದರಿಂದ ಒಂದು ಸೊಸೈಟಿ ಮಾಡಿ, ತಾವೇ ಅದರ ಅಧ್ಯಕ್ಷರಾಗಿ, ಹೊಲವನ್ನು ಮನೆ ಸೈಟುಗಳಾಗಿ ಕುಯ್ಯಲು ಹೊರಟಿದ್ದರು. ಹೆಸರು ವಸಂತವಿಹಾರ. ಮೇಷ್ಟರುಗಳು, ಬ್ಯಾಂಕಿನವರು, ಆಫೀಸಿನವರು ಆಗಲೇ ಹೆಸರು ಬರೆಸಿ ಕಾಯುತ್ತಿದ್ದರು.

ತಮ್ಮಯ್ಯನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ನೆಲ ಬರುತ್ತಿತ್ತು. ದೂರದಿಂದಲೇ ಕತ್ತು ಚಾಚಿ ನೋಡಿದ. ಇದು ಹಳ್ಳ, ಇದು ರಸ್ತೆ, ಇದು ಹುಣಸೆಮರ ಎಂದು ಮನಸ್ಸಿನಲ್ಲೇ ಗುರುತು ಹಿಡಿದ. ಎಲ್ಲ ಕಡೆ ದಾರ ಎಳೆದಂಥ ಗೆರೆ, ಚೌಕ ಚೌಕ. ನಡುವೆ ಒಂದು ಕಡೆ ಮಾತ್ರ ಎಳೆ ಪೈರಿನ ಹಾಗೆ ಹಸಿರು ಬಳಿದಿದ್ದರು.

"ಸ್ವಾಮೀ, ಆ ಹಸ್ರು ಬಳ್ದಿರೋದು ಯಾವ್ ಜಾಗ?" ಎಂದು ಓವರ್‌ಸೀಯರನ್ನು ಕೇಳಿದ.

ಓವರ್‌ಸೀಯರ್ ಮೈಸೂರಿನಲ್ಲಿ ಓದಿ ಬಂದ ಎಳೆಯ ಪ್ರಾಯದವನು. ನಕ್ಷೆ ಅವನೇ ಬರೆದದ್ದು. ಅದರ ಮೇಲೆ ಅವನಿಗೆ ಹಡೆದವಳಷ್ಟು ಮೋಹ. "ಅದಾ? ನಿಮ್ಮ ಕೇರಿ ಇದೆಯಲ್ಲ, ಅದೇ ಜಾಗ. ಅಲ್ಲಿ ಮರಗಳು ಬರ್ತವೆ. ಹೊಂಗೆ, ಬೇವು, ಹೂವಿನ ಗಿಡ. ಕೂತ್ಕೊಳ್ಳೋಕೆ ಕಲ್ಲುಬೆಂಚು, ಮಕ್ಕಳಿಗೆ ಜೋಕಾಲಿ, ಒಂದು ನಲ್ಲಿ. ಸುತ್ತ ಟಾರು ರಸ್ತೆ, ರಸ್ತೆಗೆ ದೀಪ."

"ನಮ್ ಕೇರೀಲಿ ನಲ್ಲಿ?"

ಓವರ್‌ಸೀಯರ್ ಏನೋ ಹೇಳಲು ಬಾಯಿ ತೆರೆದು ನಂಜುಂಡಯ್ಯನವರ ಮುಖ ನೋಡಿದ. ಅವರು ನಶ್ಯ ಏರಿಸಿ, ಕೈ ಝಾಡಿಸಿ, ನಿಧಾನವಾಗಿ ಅಂದರು: "ಬತ್ತದೆ ಕಣೋ. ನಲ್ಲೀನೂ ಬತ್ತದೆ, ನೆರಳೂ ಬತ್ತದೆ. ಆದ್ರೆ ನಿಮ್ ಕೇರಿ ನನ್ನ ಸರ್ವೆ ನಂಬರಿನೊಳಗೈತೋ ಹೊರಗೈತೋ ಗೊತ್ತಾಗ್ಬೇಕಲ್ಲ? ಎಲ್ಲೆಯ ಬಾಂದುಕಲ್ಲು ಸಿಕ್ತಿಲ್ಲ. ಹೊರಗಿದ್ರೆ ನಾನೇನೂ ಮಾಡಾಕಾಗಲ್ಲ. ಒಳಗಿದ್ರೆ ಹಸ್ರು. ಕೋರ್ಟು ಗೀರ್ಟು ಅಂತ ಹತ್ತು ವರ್ಸ ಯಾಕೆ? ನೀನು ಮಣ್ಣು ಹೊತ್ತು ನಡಿ. ನೀನು ನಡ್ದಿದ್ದೇ ಎಲ್ಲೆ."

ಓವರ್‌ಸೀಯರ್ ನಕ್ಷೆ ಸುತ್ತಿದ. ಆಮೇಲೆ ಜೀಪು ಹತ್ತುವವರೆಗೂ ಅವನು ತಮ್ಮಯ್ಯನ ಕಡೆ ನೋಡಲಿಲ್ಲ.

ತಮ್ಮಯ್ಯ ಊರಿನ ಕುಳವಾಡಿ. ಯಾರ ಹೊಲ ಎಲ್ಲಿ ಮುಗಿಯುತ್ತದೆ, ಯಾರದು ಎಲ್ಲಿ ಸುರುವಾಗುತ್ತದೆ ಎಂಬುದು ಅಪ್ಪನಿಂದ ಮಗನಿಗೆ ಬಂದ ವಿದ್ಯೆ. ಎರಡು ಹೊಲದವರು ಬಡಿದಾಡಿಕೊಂಡರೆ ಕುಳವಾಡಿ ತಲೆಗೆ ನೀರು ಹೊಯ್ದುಕೊಂಡು, ಒದ್ದೆ ಬಟ್ಟೆಯಲ್ಲೇ, ಅದೇ ಹೊಲದ ಮಣ್ಣಿನ ಒಂದು ಹೆಂಟೆಯನ್ನು ತಲೆಯ ಮೇಲಿಟ್ಟುಕೊಂಡು ನಡೆಯಬೇಕು. ನಡೆಯುವಾಗ ಅವನು ಮಾತಾಡುವಂತಿಲ್ಲ. ಹೆಂಟೆ ತಲೆಯ ಮೇಲಿರುವ ತನಕ ಅವನನ್ನು ಯಾರೂ ತಡೆಯುವಂತಿಲ್ಲ, ಮುಟ್ಟುವಂತಿಲ್ಲ. ಮುಟ್ಟುವಂತಿಲ್ಲ ಎನ್ನುವುದು ಅವನಿಗೆ ಹೊಸ ಮರ್ಯಾದೆಯೇನಲ್ಲ ಅನ್ನಿ. ಸುಳ್ಳು ನಡೆದರೆ ಅದೇ ಮಣ್ಣು ಅವನ ಮನೆಮಂದಿಯನ್ನು ನುಂಗುತ್ತದೆ. ಗುಡಿಯ ಹೊಸಿಲು ತುಳಿಯಲು ಬಿಡದ ಊರು ತನ್ನ ಹೊಲಗಳ ಸತ್ಯವನ್ನೆಲ್ಲ ಅವನ ಕಾಲಿಗೆ ಬಿಟ್ಟುಕೊಟ್ಟಿತ್ತು.

ನಂಜುಂಡಯ್ಯನವರು ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ದವನು ಲೋಕದಲ್ಲಿ ಅವನೊಬ್ಬನೇ. ತಾತನ ಕಾಲದಲ್ಲಿ ಯಗಚಿ ತುಂಬಿ ಬಂದು ಹೊಳೆದಂಡೆಯ ಕೇರಿ ಕೊಚ್ಚಿಹೋಯಿತು. ಆಗಿನ ಪಟೇಲರು ಕುದುರೆ ಮೇಲೆ ಕೂತೇ, "ಮ್ಯಾಲಕ್ಕೆ ಹತ್ಕಳ್ರೋ" ಎಂದಿದ್ದರು. ಜನ ಮೇಲಕ್ಕೆ ಬಂದು ಪಟೇಲರ ಹೊಲದ ಅಂಚಿನಲ್ಲೇ ಗುಡಿಸಲು ಹಾಕಿಕೊಂಡರು. ಕಾಗದವಿಲ್ಲ, ಪತ್ರವಿಲ್ಲ. ಬಾಂದುಕಲ್ಲು ಈಗ ಗುಡಿಸಲುಗಳ ಹಿಂದೆ, ಒಂದಾಳು ಉದ್ದದ ಕತ್ತಾಳೆಯ ಬುಡದಲ್ಲಿ ಹೂತುಹೋಗಿತ್ತು. ಅಂದರೆ ಇಪ್ಪತ್ತೆರಡು ಮನೆಯೂ ಪಟೇಲರ ನಂಬರಿನೊಳಗೇ. ತಮ್ಮಯ್ಯನಿಗೆ ಏಳು ವರ್ಷವಾಗಿದ್ದಾಗ ಅಪ್ಪ ಅವನನ್ನು ಆ ಕಲ್ಲಿನ ಮೇಲೆ ಕೂರಿಸಿ ಒಂದು ಅಚ್ಚು ಬೆಲ್ಲ ತಿನ್ನಿಸಿದ್ದ. ಬೆಲ್ಲ ಮರೆಯದ ನಾಲಿಗೆ ಕಲ್ಲನ್ನೂ ಮರೆಯುವುದಿಲ್ಲ ಎಂದು.

ಹೊತ್ತು ಮುಳುಗುವ ಮುಂಚೆ ತಮ್ಮಯ್ಯ ಒಲೆಯಿಂದ ಒಂದು ಮೊರದ ತುಂಬ ಬೂದಿ ತಂದು ಮನೆಯ ಮುಂದೆ ನಕ್ಷೆ ಬರೆಯಲು ಕೂತ. ಅಂಗಳದ ನಡುವೆ ಅವನ ಹೆಂಡತಿ ಮುತ್ತಮ್ಮನ ಒರಳು. ಕಣಕಟ್ಟೆಯಿಂದ ಅವಳು ಮದುವೆಯಾಗಿ ಬಂದಾಗ ಅವಳಪ್ಪ ಗಾಡಿಯಲ್ಲಿ ಹೇರಿಕೊಂಡು ಬಂದು ನೆಲದಲ್ಲಿ ಹೂಳಿಸಿಕೊಟ್ಟದ್ದು. ಅರ್ಧ ಕೇರಿ ರುಬ್ಬುತ್ತಿದ್ದದ್ದು ಅದರಲ್ಲೇ. ಒರಳಿನ ಸುತ್ತ ಬೂದಿಯ ಗೆರೆ ಹರಿಯಿತು.

"ಇದು ರೋಡು. ಇದು ದೀಪದ ಕಂಬ. ಇಲ್ಲಿ ನಲ್ಲಿ. ಇದೋ, ಈ ಒಳ್ಕಲ್ ಮಗ್ಗುಲಿಗೇ ಹೊಂಗೆ ಮರ."

"ಬೂದಿ ಚೆಲ್ಲಿ ಪಟ್ಣ ಕಟ್ತಾವ್ನೆ ನೋಡ್ರವ್ವ ನನ್ ಗಂಡ" ಎಂದು ಮುತ್ತಮ್ಮ ನಕ್ಕಳು. ಹೆಂಗಸರೆಲ್ಲ ನಕ್ಕರು. ನಕ್ಕು ಮುಗಿದ ಮೇಲೆ ಅವಳೇ ಹತ್ತಿರ ಬಂದು, ದನಿ ತಗ್ಗಿಸಿ, "ನಲ್ಲಿ ಇರ್ಲಿ. ಹೆಣ್ಮಕ್ಳು ಹೊರಕಡೀಕೆ ಹೋಗಾಕೆ ಒಂದು ಮರೆ ಬರ್ದವ್ರಾ? ಗಿಡಗಿಡ ಅಂತೀಯಲ್ಲ, ಒಂದಿಷ್ಟು ಮರೆ ಆಯ್ತದಾ?" ಎಂದು ಕೇಳಿದಳು.

"ಆಯ್ತದೆ ಕಣೇ. ಆ ಮೂಲೇಲಿ ಒತ್ತಾಗಿ ಗಿಡ ಹಾಕ್ಸೋಣ."

ಅಷ್ಟು ಹೊತ್ತಿಗೆ ಲಕ್ಕಪ್ಪ ಬಂದು ನಿಂತ. ಮುತ್ತಮ್ಮನ ಅಣ್ಣನ ಮಗ, ಇದೇ ಕೇರಿಯ ಹುಡುಗಿಯನ್ನು ಕಟ್ಟಿಕೊಂಡು ಇಲ್ಲೇ ನೆಲೆ ನಿಂತವನು. ಅರಸೀಕೆರೆಯ ರೈಲು ಗೂಡ್ಸ್ ಶೆಡ್ಡಿನಲ್ಲಿ ಕೊಬ್ಬರಿ ಮೂಟೆ ಹೊರುತ್ತಿದ್ದ, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಬೂದಿಯ ಗೆರೆಗಳನ್ನು ನೋಡುತ್ತಾ ನೋಡುತ್ತಾ ಅವನ ಮುಖ ಬಿಗಿಯಿತು.

"ಮಾವ, ಟೇಸನ್ ಮುಂದೆ ರೈಲ್ವೆಯೋರ ಪಾರ್ಕು ಐತೆ. ನಾನು ದಿನಾ ನೋಡ್ತೀನಿ. ಮರ ಐತೆ, ಬೆಂಚು ಐತೆ. ಒಂದು ಗುಡ್ಲು ಇಲ್ಲ. ಪಾರ್ಕೊಳ್ಗೆ ಮನೆ ಇರಾಕಿಲ್ಲ ಕಣ್ ಮಾವ."

"ಅದು ರೈಲಿಂದು ಕಣ್ಲಾ. ಮರ ನೆಟ್ಟು ಮನುಸ್ರನ್ನ ಓಡುಸ್ತಾರೇನ್ಲಾ ಯಾರಾನಾ? ಮರ ನೆಡಾದೇ ಮನುಸ್ರು ಕೂರ್ಲಿ ಅಂತ."

"ಓಡುಸ್ತಾರೆ. ನೀನು ಹೊರಗೈತೆ ಅಂತ ನಡ್ದುಬಿಡು. ಕಲ್ಲು ಎಲ್ಲೈತೆ ಅಂತ ನಿನ್ ಬಿಟ್ರೆ ಯಾವ್ ನನ್ಮಗನಿಗೂ ಗೊತ್ತಿಲ್ಲ. ಹಳ್ಳದ ಕಡೀಕೆ ತಿರೀಕ್ಕಂಬಿಡು, ಮುಗೀತು."

ತಮ್ಮಯ್ಯ ಎದ್ದು ನಿಂತ. "ಮಣ್ಣು ಹೊತ್ತು ಸುಳ್ಳು ನಡೀಲೇನ್ಲಾ? ನಮ್ಮಪ್ಪ ನಡೀಲಿಲ್ಲ, ಅವರಪ್ಪ ನಡೀಲಿಲ್ಲ. ಬಾಯಿ ಮುಚ್ಕಂಡು ಹೋಗು."

ಲಕ್ಕಪ್ಪ ಹೋದ. ಹೋಗುವಾಗ ಬೂದಿಯ ಟಾರು ರಸ್ತೆಯನ್ನು ಕಾಲಿನಿಂದ ಅಳಿಸಿಯೇ ಹೋದ. ತಮ್ಮಯ್ಯ ಮತ್ತೆ ಒಂದು ಹಿಡಿ ಬೂದಿ ತೆಗೆದುಕೊಂಡು ಅದನ್ನು ಸರಿಮಾಡಿದ.

ಮುಂದಿನ ಸೋಮವಾರ ಬೆಳಗ್ಗೆ ಅವನು ಹೊಳೆಯಲ್ಲಿ ಮುಳುಗಿ ಬಂದು ಹೆಂಟೆ ಹೊತ್ತ. ಹಳೇಬೀಡು ರಸ್ತೆಯ ಮೋರಿಯಿಂದ ಸುರುಮಾಡಿ ಬದುವಿನ ಮೇಲೆ ನಡೆದ. ಹಿಂದೆ ಇಪ್ಪತ್ತು ಮಾರು ಬಿಟ್ಟು ನಂಜುಂಡಯ್ಯನವರು, ಓವರ್‌ಸೀಯರು, ಊರಿನ ನಾಲ್ಕು ಜನ. ಕೇರಿಯವರೆಲ್ಲ ಹೊರಗೆ ಬಂದು ನಿಂತಿದ್ದರು. ಹುಣಸೆಮರದ ಹತ್ತಿರ ತಮ್ಮಯ್ಯನ ಕಾಲು ನಿಂತಿತು. ಎಡಕ್ಕೆ ತಿರುಗಿದರೆ ಹಳ್ಳದ ದಾರಿ, ಕೇರಿ ಹೊರಗೆ ಉಳಿಯುತ್ತದೆ. ಬಲಕ್ಕೆ ತಿರುಗಿದರೆ ಗುಡಿಸಲುಗಳ ಹಿಂದಿನ ಕತ್ತಾಳೆ. ತಲೆಯ ಮೇಲಿನ ಮಣ್ಣು ತಣ್ಣಗೆ ಕೊರೆಯುತ್ತಿತ್ತು. ಅವನ ಕಣ್ಣಿಗೆ ಕಂಡದ್ದು ಎಳೆ ಪೈರಿನಂಥ ಆ ಹಸಿರು. ಒಳಗಿದ್ರೆ ಹಸ್ರು ಎಂದಿದ್ದರಲ್ಲ. ನಿಜವೂ ಅದೇ, ಬೇಕಾದದ್ದೂ ಅದೇ ಆಗುವಂಥ ಬೆಳಗು ಮನುಷ್ಯನಿಗೆ ಎಷ್ಟು ಸಲ ಬರುತ್ತದೆ? ತಮ್ಮಯ್ಯ ಬಲಕ್ಕೆ ತಿರುಗಿದ.

ಕತ್ತಾಳೆಯ ಬುಡದಲ್ಲಿ ಹೆಂಟೆ ಇಳಿಸಿದ. ಮೊಣಕಾಲುದ್ದ ಅಗೆದ ಮೇಲೆ ಗುದ್ದಲಿ ಠಣ್ ಎಂದಿತು. ಕಲ್ಲು ಇತ್ತು, ಕಲ್ಲಿನ ತಲೆಯ ಮೇಲೆ ಸರ್ವೆಯವರು ಕೆತ್ತಿದ ಕತ್ತರಿ ಗುರುತೂ ಇತ್ತು. ಜನ ಓ ಎಂದರು. ನಂಜುಂಡಯ್ಯನವರು "ಭೇಷ್" ಎಂದು, ಒಂದು ತೆಂಗಿನಕಾಯನ್ನೂ ಒಂದು ಪಂಚೆಯನ್ನೂ ಮೇಲಿನಿಂದಲೇ ಅವನ ಒಡ್ಡಿದ ಕೈಗೆ ಬೀಳಿಸಿದರು. ಮುತ್ತಮ್ಮ ಅಷ್ಟು ದೂರದಲ್ಲಿ ನಿಂತು ಹೆಮ್ಮೆಯಿಂದ ಮೂಗು ಸೀಟಿಕೊಂಡಳು.

ಒಂದು ತಿಂಗಳಾದ ಮೇಲೆ ಸುಣ್ಣದ ಪುಡಿಯ ಗೆರೆ ಬಂತು. ರಸ್ತೆಯ ಕಡೆಯಿಂದ ಬಂದ ಗೆರೆ ಕೇರಿಯನ್ನು ಒಂದು ಸುತ್ತು ಬಳಸಿ ಮತ್ತೆ ರಸ್ತೆಗೇ ಹೋಯಿತು. ಗೂಟ ಹೊಡೆಯುವವರನ್ನು ಕೇಳಿದರೆ, "ಗುಡ್ಲು ಕಿತ್ಮೇಲೆ ಇಲ್ಲಿ ಬೇಲಿ" ಎಂದರು.

ತಮ್ಮಯ್ಯ ನಂಜುಂಡಯ್ಯನವರ ಮನೆಯ ಮುಂದೆ, ಬೀದಿಯಲ್ಲೇ, ಟವಲು ಕಂಕುಳಲ್ಲಿಟ್ಟುಕೊಂಡು ಒಂದು ಬೆಳಗು ಪೂರ್ತಿ ನಿಂತ. ಅವರು ತಿಂಡಿ ಮುಗಿಸಿ ಜಗುಲಿಗೆ ಬಂದರು.

"ಬುದ್ದೀ, ನಲ್ಲಿ ಬತ್ತದೆ ಅಂದಿದ್ರಿ."

"ಬತ್ತದೆ ಕಣೋ. ಪಾರ್ಕಿಗೆ ನಲ್ಲಿ ಬ್ಯಾಡ್ವಾ?"

"ಕೇರಿ?"

"ಕೇರಿಗೆ ಬೇರೆ ಜಾಗ ಕೊಡಿಸಿವ್ನಿ. ಕಲ್ಲುಕ್ವಾರಿ ಮಗ್ಗುಲಾಗೆ. ಧರ್ಮಕ್ಕೆ. ಅಲ್ಲಲೇ, ಐವತ್ತು ಮನೆ ಆಫೀಸರುಗಳು ಬಂದು ಕೂರೋ ಜಾಗ. ನಡುವೆ ನಿಮ್ಮ ಹಂದಿಗೂಡು ಇಟ್ಕಂಡು ಯಾವನ್ಲಾ ಸೈಟು ತಗಂತಾನೆ?"

"ಬುದ್ದೀ, ನಾನು ನಿಮ್ ಮಾತು ನಂಬಿ ಮಣ್ಣು ಹೊತ್ತೆ."

"ಹೂಂ, ಹೊತ್ತೆ. ಒಳಗೈತೆ ಅಂತ ತೋರ್ಸಿದೋನು ನೀನೇ. ಹೊರಗೈತೆ ಅಂತ ನಡ್ದಿದ್ರೆ ನಾನೇನಾನಾ ನಿನ್ ಕಾಲು ಹಿಡೀತಿದ್ನಾ? ನಿಯತ್ತಿನ ಮನುಸ ನೀನು. ಅದಕ್ಕೇ ಪಾರ್ಕಿಗೆ ನೀರು ಹಾಕೋ ಕೆಲ್ಸ ನಿಂಗೇ ಇಟ್ಟಿವ್ನಿ. ಹೋಗು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ನಿಯತ್ತು ಎಂದ ಮಾತಿಗೆ ತಮ್ಮಯ್ಯನ ಕಣ್ಣಲ್ಲಿ ನೀರು ಬಂತು.

ಟ್ರ್ಯಾಕ್ಟರು ಬಂದ ದಿನ ಜೊತೆಗೆ ಪೊಲೀಸಿನವರೂ ಬಂದರು. ಕೈಯೆತ್ತಲು ಹೋದವನು ಲಕ್ಕಪ್ಪ ಒಬ್ಬನೇ. ಅವನನ್ನು ಒದ್ದು ಜೀಪಿನಲ್ಲಿ ಕೂರಿಸಿದರು. ಉಳಿದವರು ಗಳ, ಹುಲ್ಲು, ಕೋಳಿ, ಕೂಸು ಎತ್ತಿಕೊಂಡು ಹೊರಟರು. ಮುತ್ತಮ್ಮ ಒರಳಿನ ಸುತ್ತ ಕುಡುಗೋಲಿನಿಂದ ಮಣ್ಣು ಕೆರೆಯುತ್ತಿದ್ದಳು. ಅದು ಅಲುಗಲಿಲ್ಲ. "ಒಂದು ನಾಕ್ ಜನ ಬರ್ರಪ್ಪೋ" ಎಂದು ತಮ್ಮಯ್ಯ ಕೂಗಿದ. ಯಾರೂ ತಿರುಗಿ ನೋಡಲಿಲ್ಲ. ನಿನ್ನೆ ಮೊನ್ನೆಯವರೆಗೆ ಅದೇ ಒರಳಿನಲ್ಲಿ ರುಬ್ಬಿದ ಹೆಂಗಸರು ಕೂಡ ಮುಖ ತಿರುಗಿಸಿಕೊಂಡು ಹೋದರು. ಮುದಿ ಗಂಡ ಹೆಂಡತಿ ಇಬ್ಬರೇ ಕಲ್ಲಿಗೆ ಭುಜ ಕೊಟ್ಟು ತಳ್ಳಿದರು. ಕಲ್ಲು ಕಲ್ಲಾಗಿಯೇ ಇತ್ತು. ಕೊನೆಗೆ ಮುತ್ತಮ್ಮ ರುಬ್ಬುವ ಗುಂಡನ್ನು ಮಾತ್ರ ಮಗುವಿನ ಹಾಗೆ ಸೊಂಟಕ್ಕೇರಿಸಿಕೊಂಡು ನಡೆದಳು.

ಕ್ವಾರಿಯ ಮಗ್ಗುಲಿನಲ್ಲಿ ಗುದ್ದಲಿ ಇಳಿಯದ ಬಂಡೆ. ಅಲ್ಲಿ ಹಸಿರು ಅಂತ ಇದ್ದದ್ದು ಹೊಂಡದ ನೀರಿನ ಮೇಲಿನ ಪಾಚಿಯೊಂದೇ. ಅದನ್ನು ಸರಿಸಿ ಕುಡಿಯುವ ನೀರು ತರುತ್ತಿದ್ದರು. ತಮ್ಮಯ್ಯನ ಹತ್ತಿರ ಮಾತ್ರ ಯಾರೂ ಮಾತಾಡುತ್ತಿರಲಿಲ್ಲ. ಬೆಂಕಿ ಕೇಳಿದರೆ ಕೊಡುತ್ತಿದ್ದರು, ಮಾತು ಕೊಡುತ್ತಿರಲಿಲ್ಲ.

ವಸಂತವಿಹಾರ ಎದ್ದು ನಿಂತಿತು. ಸುಳ್ಳು ಹೇಳಬಾರದು, ಅದು ಚೆನ್ನಾಗಿತ್ತು. ಐದು ವರ್ಷ ತಮ್ಮಯ್ಯ ಕೊಡ ಕೊಡ ನೀರು ಹೊತ್ತು ಬೆಳೆಸಿದ ಹೊಂಗೆಗಳು ಒಂದರ ಕೈ ಒಂದು ಹಿಡಿದುಕೊಂಡಿದ್ದವು. ಬೇಸಗೆಯಲ್ಲಿ ಬೇಲೂರಿನ ಪೇಟೆಯಿಂದ ಬಂದವರು ಗೇಟು ದಾಟುತ್ತಲೇ "ಆಹಾ, ಏನು ತಂಪು" ಎನ್ನುತ್ತಿದ್ದರು. ಸಂಜೆ ಗಂಡಸರು ಕೈ ಹಿಂದೆ ಕಟ್ಟಿಕೊಂಡು ಟಾರು ರಸ್ತೆಯಲ್ಲಿ ಅಡ್ಡಾಡುವರು, ಮಕ್ಕಳು ಜೋಕಾಲಿ ಆಡುವರು, ಹೆಂಗಸರು ಬೆಂಚಿನ ಮೇಲೆ ಕೂತು ಕಸೂತಿ ಹಾಕುವರು. ಜಗಳವಿಲ್ಲ, ಹೊಗೆಯಿಲ್ಲ. ಕೆಲಸ ಮುಗಿಸಿ ಕೊಡ ಬೋರಲು ಹಾಕುವಾಗ ತಮ್ಮಯ್ಯನಿಗೂ ಒಂದೊಂದು ಗಳಿಗೆ ಎಷ್ಟು ಚೆಂದ ಅನಿಸುತ್ತಿತ್ತು. ಅನಿಸಿದ ಕೂಡಲೇ ಯಾರೋ ಕೆನ್ನೆಗೆ ಹೊಡೆದಂತಾಗಿ ತಲೆ ತಗ್ಗಿಸುತ್ತಿದ್ದ. ಬೂದಿಯಲ್ಲಿ ಅವನು ಬರೆದದ್ದೆಲ್ಲ ಬರೆದಲ್ಲೇ ಬಂದಿತ್ತು. ನಲ್ಲಿ, ದೀಪದ ಕಂಬ, ಒರಳಿನ ಮಗ್ಗುಲಿಗೆ ಹೊಂಗೆ. ಜನ ಮಾತ್ರ ಬೇರೆ.

ಒರಳು ಅಲ್ಲೇ ಇತ್ತು. ಬೇಲೂರಿನ ಸೀಮೆಯಲ್ಲಿ ನೆಲದಲ್ಲಿ ಹೂತ ಕಲ್ಲು ಕಂಡರೆ ಹೊಯ್ಸಳರದ್ದು ಎನ್ನುವುದು ವಾಡಿಕೆ. ಇದನ್ನೂ ಹಾಗೇ ಅಂದರು. ಸುತ್ತ ಇಟ್ಟಿಗೆ ಓರೆಯಾಗಿ ನೆಟ್ಟು ಸುಣ್ಣ ಬಳಿದು, ಮುಟ್ಟಬಾರದು ಎಂದು ಫಲಕ ಹಾಕಿದರು.

ಅದೊಂದು ಏಪ್ರಿಲ್ ಮಧ್ಯಾಹ್ನ ಗಂಡನಿಗೆ ಮುದ್ದೆ ತಂದ ಮುತ್ತಮ್ಮ ಮೊದಲ ಸಲ ಗೇಟಿನೊಳಗೆ ಕಾಲಿಟ್ಟಳು. ಕ್ವಾರಿಯ ಬಿಸಿಲಿನಲ್ಲಿ ನಡೆದು ಬಂದು ಕಣ್ಣು ಕತ್ತಲಿಟ್ಟಿತ್ತು. ನೆಟ್ಟಗೆ ಹೋಗಿ ಒರಳಿನ ಕಟ್ಟೆಯ ಮೇಲೆ ಕೂತು, ಗುಂಡಿಯೊಳಗೆ ಕೈಯಿಟ್ಟು ಸವರಿದಳು. ಎದುರು ಮನೆಯ ಸಾವಿತ್ರಮ್ಮ, ಬ್ಯಾಂಕಿನವರ ಹೆಂಡತಿ, ಬಂದರು. ಕೆಟ್ಟ ಹೆಂಗಸಲ್ಲ. ಹಬ್ಬಕ್ಕೆ ತಮ್ಮಯ್ಯನಿಗೆ ಉಳಿದ ಒಬ್ಬಟ್ಟನ್ನು ಕಾಗದದಲ್ಲಿ ಸುತ್ತಿ ಗೇಟಿನ ಮೇಲಿಡುತ್ತಿದ್ದವರು.

"ಇಲ್ಲಿ ಕೂತ್ಕೋಬಾರ್ದಮ್ಮ. ಪಾರ್ಕು ಬಡಾವಣೆಯವರಿಗೆ ಮಾತ್ರ."

"ಇದು ನನ್ ಒಳ್ಕಲ್ಲು ಕಣವ್ವ."

"ಅಯ್ಯೋ, ಅದು ಹೊಯ್ಸಳರ ಕಾಲದ್ದಂತೆ."

"ಹೂಂ ಕಣವ್ವ. ನಮ್ಮಪ್ಪ ಕಣಕಟ್ಟೆಯಿಂದ ಹೇರ್ಕಂಬಂದ. ಆಗ ಹೊಯ್ಸಳ್ರು ಗಾಡಿ ಹಿಂದೆ ತಳ್ಳಿದ್ರು."

ಸಾವಿತ್ರಮ್ಮನಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಆದರೆ ದಾರಿಯಲ್ಲಿ ಹೋಗುತ್ತಿದ್ದ ನಂಜುಂಡಯ್ಯನವರಿಗೆ ತಿಳಿದಿತ್ತು. "ಏಯ್ ಮುಂಡೆ, ಏಳೇ ಮ್ಯಾಲೆ! ಯಾರನ್ನ ಕೇಳಿ ಒಳೀಕೆ ಬಂದೆ? ಲೇ ತಮ್ಮ, ಕೊಡಪಾನ ತತ್ತಾ, ಅವಳು ಕೂತ ಜಾಗ ತೊಳಿ."

ತಮ್ಮಯ್ಯ ಕೊಡಪಾನ ತಂದ. ತೊಳೆದ. ಮುತ್ತಮ್ಮ ಅವನನ್ನೇ ನೋಡುತ್ತಾ ನಿಂತಿದ್ದು, ಮುದ್ದೆಯ ಗಂಟನ್ನು ನೆಲದ ಮೇಲಿಟ್ಟು ಹೊರಟುಹೋದಳು. ಆಮೇಲೆ ಅವಳೂ ಅವನ ಹತ್ತಿರ ಮಾತು ಬಿಟ್ಟಳು. ಮುಂದಿನ ಬೇಸಗೆಯಲ್ಲಿ ಹೊಂಡದ ನೀರಿಗೆ ಕೇರಿಯಲ್ಲಿ ವಾಂತಿಭೇದಿ ಬಿತ್ತು. ಮೂರು ಜನ ಸತ್ತರು. ಅವರಲ್ಲಿ ಅವಳೂ ಒಬ್ಬಳು. ಬಂಡೆಯಲ್ಲಿ ಗುಂಡಿ ತೋಡಲು ಹಾರೆ ಹಿಡಿದು ಒಂದು ಹಗಲು ಬೇಕಾಯಿತು. ಲಕ್ಕಪ್ಪ ಬಂದ. ಅತ್ತೆಗಾಗಿ ಸಂಜೆಯ ತನಕ ಹಾರೆ ಹಾಕಿದ. ಮಾವನ ಕಡೆ ಒಂದು ಸಲವೂ ನೋಡಲಿಲ್ಲ.

ವಸಂತವಿಹಾರಕ್ಕೆ ಬೇಡಿಕೆ ಹೆಚ್ಚಿ ಎರಡನೆಯ ಹಂತ ಮಾಡುವ ಮಾತು ಬಂತು. ಪಾರ್ಕಿನ ಆಚೆಗೆ ದೇವೀರಪ್ಪ ಎಂಬವರ ತೆಂಗಿನ ತೋಟ. ನಂಜುಂಡಯ್ಯನವರು ಕಾಂಪೌಂಡು ಎಬ್ಬಿಸಲು ಪಾಯ ತೆಗೆಸಿದರೆ, ಆರು ಮಾರು ನನ್ನದು ಒತ್ತಿದ್ದೀರಿ ಎಂದು ದೇವೀರಪ್ಪ ಬಂದು ಕೂತರು. "ನಿಮ್ ಸರ್ವೆಯೋನ ನಾನು ನಂಬಾಕಿಲ್ಲ. ಕುಳವಾಡಿ ಮಣ್ಣು ಹೊತ್ತು ನಡೀಲಿ, ಅದಕ್ಕೆ ತಲೆ ಬಾಗ್ತೀನಿ" ಎಂದರು. ನಂಜುಂಡಯ್ಯನವರಿಗೂ ಅದೇ ಅನುಕೂಲ. ಕೂಳು ಕೊಟ್ಟವರ ಕಡೆಗೆ ಕಾಲು ತಿರುಗದೆ ಎಲ್ಲಿ ಹೋದೀತು?

"ಪೂರ್ವಕ್ಕೆ, ಅವರ ತೋಟದ ಕಡೀಕೆ, ಒಂದು ಆರ್ ಮಾರು ಸರ್ದು ನಡಿ. ತಿಳೀತಾ?" ಎಂದು ಮೆಲ್ಲಗೆ ಹೇಳಿದರು.

"ತಿಳೀತು ಬುದ್ದೀ."

ಭಾನುವಾರದ ಬೆಳಗು. ರಜೆಯಾದ್ದರಿಂದ ಬಡಾವಣೆಯವರೆಲ್ಲ ಈ ಹಳೇಕಾಲದ ಪದ್ಧತಿ ನೋಡಲು ಪಾರ್ಕಿಗೆ ಬಂದಿದ್ದರು. ಪಾಯದ ಕೆಲಸಕ್ಕೆ ಬಂದಿದ್ದ ಕ್ವಾರಿಯ ಜನ ಬಾಂಡ್ಲಿ ಕೆಳಗಿಟ್ಟು ಬೇಲಿಯ ಆಚೆ ನಿಂತರು. ಗೂಡ್ಸ್ ಶೆಡ್ಡಿನ ಕೆಲಸ ಹೋಗಿದ್ದರಿಂದ ಲಕ್ಕಪ್ಪನೂ ಅವರಲ್ಲಿದ್ದ. ತಮ್ಮಯ್ಯ ಪಾರ್ಕಿನ ನಲ್ಲಿ ತಿರುಗಿಸಿ ತಲೆಗೆ ನೀರು ಹೊಯ್ದುಕೊಂಡ. ಅಷ್ಟು ವರ್ಷ ಗಿಡಗಳಿಗೆ ಬಿಟ್ಟ ನೀರನ್ನು ಮೈಗೆ ಹಾಕಿಕೊಂಡದ್ದು ಅದೇ ಮೊದಲು.

ಆಮೇಲೆ ಗುದ್ದಲಿ ಹಿಡಿದು ತೋಟದ ಕಡೆ ಹೋಗಲಿಲ್ಲ. ಒರಳಿನ ಹತ್ತಿರ ಹೋಗಿ, ಸುಣ್ಣದ ಇಟ್ಟಿಗೆ ಎರಡನ್ನು ಕಿತ್ತೆಸೆದು, ನೆಲಕ್ಕೆ ಗುದ್ದಲಿ ಹಾಕಿದ. ಮೇಲಿನ ಹುಲ್ಲು ಸರಿದು ಕೆಳಗಿನಿಂದ ಕಪ್ಪು ಮಣ್ಣು ಬಂತು. ಒಲೆಯ ಬೂದಿ ಕಲೆತ ಮಣ್ಣು, ಅದರಲ್ಲೊಂದು ಮಡಕೆಯ ಚೂರು. ಆ ಹೆಂಟೆಯನ್ನು ಎರಡು ಕೈಯಿಂದ ಎತ್ತಿ ತಲೆಯ ಮೇಲಿಟ್ಟುಕೊಂಡ.

"ಲೇ, ಅಲ್ಲಿಂದಲ್ಲ ಕಣೋ!" ಎಂದು ನಂಜುಂಡಯ್ಯನವರು ಕೂಗಿದರು.

ತಮ್ಮಯ್ಯ ನಡೆಯತೊಡಗಿದ. ದೇವೀರಪ್ಪನವರ ತೋಟ ಬಲಗಡೆಗೆ ಉಳಿಯಿತು. ಅವನು ಹುಲ್ಲಿನ ನಡುವೆ, ಹೂವಿನ ಪಾತಿಗಳ ನಡುವೆ ನಡೆದ. ನೆಟ್ಟಗೆ ನಡೆಯಲಿಲ್ಲ. ಹೂವಿನ ಪಾತಿಯ ಹತ್ತಿರ ಒಂದು ಜಗುಲಿಯನ್ನು ಬಳಸುವವನ ಹಾಗೆ ಬಳಸಿದ. ಅಲ್ಲಿ ಲಕ್ಕಪ್ಪನ ಮನೆ ಇತ್ತು. ಜೋಕಾಲಿಯ ಹತ್ತಿರ ಸಂದಿಯಲ್ಲಿ ನುಸುಳುವವನಂತೆ ಓರೆಯಾದ. ಅಲ್ಲಿ ಎರಡು ಗುಡಿಸಲುಗಳ ನಡುವೆ ಒಬ್ಬರೇ ಹಾಯುವಷ್ಟು ದಾರಿ ಇತ್ತು. ಕಲ್ಲುಬೆಂಚಿನ ಮೇಲೆ ಕೂತಿದ್ದವರ ಕಾಲ ಬುಡದಲ್ಲೇ ಹಾದ. ಅವರು ಕಾಲು ಮೇಲೆತ್ತಿಕೊಂಡರು. ಒಂದೊಂದೇ ಮನೆ, ಒಂದೊಂದೇ ಬಾಗಿಲು. ಬೇಲಿಯ ಆಚೆ ನಿಂತಿದ್ದ ಕ್ವಾರಿಯ ಹೆಂಗಸರಿಗೆ ಮೊದಲು ತಿಳಿಯಿತು. ಒಬ್ಬಳು, "ಅಯ್ಯೋ, ಅದು ನಮ್ಮಟ್ಟಿ ಕಣವ್ವ" ಎಂದು ಬಾಯಿಗೆ ಸೆರಗು ಹಿಡಿದಳು.

ಸುಳ್ಳು ನಡೆದರೆ ಮಣ್ಣು ಮನೆಮಂದಿಯನ್ನು ನುಂಗುತ್ತದೆ. ನಿಜ ನಡೆದಾಗಲೂ ನುಂಗಿತ್ತಲ್ಲ. ಇನ್ನು ಅದಕ್ಕೆ ಕೊಡಲು ತಮ್ಮಯ್ಯನ ಹತ್ತಿರ ಏನೂ ಉಳಿದಿರಲಿಲ್ಲ. ಈಗ ನಡೆಯುತ್ತಿರುವುದು ಸುಳ್ಳು ಎಂದು ಅವನ ಕಾಲಿಗೆ ಅನಿಸಲೂ ಇಲ್ಲ.

ಇಪ್ಪತ್ತೊಂದು ಬಾಗಿಲು ಮುಗಿಸಿ ಅವನು ತಿರುಗಿ ಹೊಂಗೆಯ ಕೆಳಗೆ ಬಂದ. ಅಲ್ಲಿ ನಿಂತು, ತಲೆಯ ಮೇಲಿನ ಹೆಂಟೆಗೆ ಎರಡೂ ಕೈ ಕೊಟ್ಟು, ಸೊಂಟ ಬಗ್ಗಿಸಿ, ಇಲ್ಲದ ಒಂದು ಬಾಗಿಲಿನೊಳಗೆ ದಾಟಿದ. ಮುತ್ತಮ್ಮನ ಮನೆಯ ಬಾಗಿಲು ತಗ್ಗಿನದು. ದಾಟಿ, ಮತ್ತೆ ನೆಟ್ಟಗಾಗಿ, ಅಲ್ಲೇ ಒರಳಿನ ಮಗ್ಗುಲಿಗೆ ಚಕ್ಕಂಬಕ್ಕಲ ಹಾಕಿ ಕೂತ. ಹೆಂಟೆ ಇಳಿಸಲಿಲ್ಲ.

"ಎದ್ದೇಳೋ ಬೋಳಿಮಗನೆ! ಇಳ್ಸೋ ಅದ!" ನಂಜುಂಡಯ್ಯನವರ ಕತ್ತಿನ ನರ ಉಬ್ಬಿತು. ಸುತ್ತ ನೋಡಿ, "ಎಳ್ದು ಆಚೆಗೆ ಹಾಕ್ರೋ ಇವನ್ನ!" ಎಂದರು.

ಯಾರೂ ಅಲುಗಲಿಲ್ಲ. ಬ್ಯಾಂಕಿನವರು ಕನ್ನಡಕ ಒರೆಸಿಕೊಂಡರು. ದೇವೀರಪ್ಪ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು, "ಮಣ್ಣು ಹೊತ್ತೋನ್ನ ನಾನಂತೂ ಮುಟ್ಟಾಕಿಲ್ಲ ಕಣ್ರೀ. ನೀವು ಬೇಕಾದ್ರೆ ಮುಟ್ಟಿ" ಎಂದರು. ನಂಜುಂಡಯ್ಯನವರು ಎರಡು ಹೆಜ್ಜೆ ಮುಂದೆ ಬಂದರು. ಅವನ ಭುಜ ಕೈಗೆಟುಕುವಷ್ಟು ಹತ್ತಿರ. ಕೈ ಮೇಲೆದ್ದಿತು, ಅಲ್ಲೇ ನಿಂತಿತು, ಕೆಳಗೆ ಇಳಿಯಿತು.

ಪೊಲೀಸರಿಗೆ ಹೇಳಿ ಬರಲು ಒಬ್ಬರು ಸ್ಕೂಟರಿನಲ್ಲಿ ಬೇಲೂರಿಗೆ ಹೋದರು. ಬಿಸಿಲು ಏರಿತು. ಒದ್ದೆ ಮಣ್ಣು ಕರಗಿ ತಮ್ಮಯ್ಯನ ಹಣೆಯ ಮೇಲೆ, ಕೆನ್ನೆಯ ಮೇಲೆ ಕಪ್ಪಗೆ ಇಳಿಯುತ್ತಿತ್ತು. ಅದರ ಜೊತೆ ಇನ್ನೇನಾದರೂ ಇಳಿಯುತ್ತಿತ್ತೋ ಯಾರಿಗೂ ಗೊತ್ತಾಗಲಿಲ್ಲ.

ನಂಜುಂಡಯ್ಯನವರು ದನಿ ಬದಲಾಯಿಸಿದರು. "ತಮ್ಮಯ್ಯ" ಎಂದರು. ಇಡೀ ಹೆಸರು ಅವರ ಬಾಯಲ್ಲಿ ಬಂದದ್ದು ಅದೇ ಮೊದಲ ಸಲ. "ತಮ್ಮಯ್ಯ, ಜನ ನೋಡ್ತಾವ್ರೆ. ಇಳ್ಸಪ್ಪ. ಏನ್ ಬೇಕು ಹೇಳು."

ಮಣ್ಣು ಹೊತ್ತವನು ಮಾತಾಡುವಂತಿಲ್ಲ. ತಮ್ಮಯ್ಯ ಮಾತಾಡಲಿಲ್ಲ.

ಲಕ್ಕಪ್ಪ ಬೇಲಿ ದಾಟಿ ಬಂದ. ಹೂವಿನ ಪಾತಿಯ ಹತ್ತಿರ, ಮಾವ ಬಳಸಿಕೊಂಡು ಹೋದ ಜಾಗದಲ್ಲಿ, ತನ್ನ ಜಗುಲಿಯ ಮೇಲೆ ಕೂರುವವನ ಹಾಗೆ ಕೂತ. ಅಲ್ಲಿಂದಲೇ, ಆರು ವರ್ಷದ ಮೇಲೆ ಮೊದಲ ಸಲ, "ಮಾವ, ಕತ್ತು ನೋಯ್ತದಾ?" ಎಂದು ಕೇಳಿದ.

ತಮ್ಮಯ್ಯ ಹೆಂಟೆ ಅಲುಗದ ಹಾಗೆ ಇಲ್ಲ ಎಂದು ಕಣ್ಣಲ್ಲೇ ಹೇಳಿದ. ಬೇಲಿಯ ಆಚೆ ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾ ಇನ್ನೂ ನಿಂತೇ ಇದ್ದರು. ಗೇಟಿನ ಹತ್ತಿರ ಪೊಲೀಸರ ಜೀಪು ಬಂದು ನಿಂತ ಸದ್ದಾಯಿತು. ತಮ್ಮಯ್ಯ ಬೆನ್ನು ನೆಟ್ಟಗೆ ಮಾಡಿಕೊಂಡು ಹೆಂಟೆಗೆ ಎರಡೂ ಕೈ ಕೊಟ್ಟ.